ಗಾಜಿನ ಪೆಟ್ಟಿಗೆಯ ಸಾಬೀರಾ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು ತಯ್ಯಬ್ ಸಾಹೇಬರ ಫೋಟೊ ಸ್ಟುಡಿಯೊ ಇತ್ತು. ಅವರಿಗೆ ಕೆಲಸ ಕಲಿಸಿದವರು ಯಾರೂ ಇರಲಿಲ್ಲ. ಕಾಫಿ ಎಸ್ಟೇಟಿನ ವಸಂತಮ್ಮನವರು ಓದಿ ಮುಗಿಸಿ ಕೊಡುತ್ತಿದ್ದ ಇಂಗ್ಲಿಷ್ ಸಿನಿಮಾ ಪತ್ರಿಕೆಗಳೇ ಗುರು. ಹಾಲಿವುಡ್ಡಿನ ಒಬ್ಬ ಹಳೆಯ ನಟಿಯ ಚಿತ್ರವನ್ನಂತೂ ಡಾರ್ಕ್‌ರೂಮಿನ ಗೋಡೆಗೆ ಅಂಟಿಸಿಕೊಂಡಿದ್ದರು. ಮೇಲಿನಿಂದ ಒಂದೇ ದೀಪ, ಕೆನ್ನೆಯಡಿ ತೆಳು ನೆರಳು, ಕಣ್ಣಲ್ಲಿ ನೀರಿನಂಥ ಹೊಳಪು.

"ಆ ಹೊಳಪು ನಂಬಬೇಡಿ ತಯ್ಯಬ್," ಎಂದಿದ್ದರು ವಸಂತಮ್ಮ. "ಅವಳಿಗೆ ಎಚ್ಚರ ಇರೋಕೊಂದು ಮಾತ್ರೆ, ನಿದ್ದೆಗೊಂದು ಮಾತ್ರೆ. ಮದುವೆ ಆಗಿದ್ದನ್ನೂ ಸಿನಿಮಾ ಕಂಪನಿಯವ್ರು ಬಚ್ಚಿಡಿಸಿದ್ರಂತೆ. ಸತ್ತಾಗ ಅಳೋಕೆ ಒಬ್ರೂ ಇರ್ಲಿಲ್ಲ."

"ಪಾಪ," ಎಂದರು ತಯ್ಯಬ್. ಕಣ್ಣು ಮಾತ್ರ ಆ ನೆರಳಿನ ಮೇಲೇ ಇತ್ತು.

ಎಪ್ಪತ್ತಮೂರರಲ್ಲಿ ಬಣಕಲ್ಲಿನ ಜೀಪ್ ಮೆಕ್ಯಾನಿಕ್ ಅಬ್ದುಲ್ ಮಜೀದ್ ಮಗಳು ಸಾಬೀರಾಳನ್ನು ಕರೆತಂದರು. ಚಿಕ್ಕಮಗಳೂರಿನ ಗಂಡಿನ ಮನೆಗೆ ಕಳಿಸಲು ಒಂದೇ ಒಂದು ಫೋಟೊ ಬೇಕಿತ್ತು. ತಯ್ಯಬ್ ದೀಪವನ್ನು ಮೇಲಕ್ಕೇರಿಸಿದರು. ಡಾರ್ಕ್‌ರೂಮಿನಲ್ಲಿ ಫೋಟೊ ತೊಳೆಯುವ ತಟ್ಟೆಯಲ್ಲಿ ಆ ಮುಖ ಮೂಡಿದಾಗ ಅವರು ತಲೆಯೆತ್ತಿ ಗೋಡೆಯ ನಟಿಯನ್ನೊಮ್ಮೆ ನೋಡಿದರು. ಮಜೀದರಿಗೆ ಅವರ ಪ್ರತಿ ಕೊಟ್ಟರು. ಇನ್ನೊಂದನ್ನು ದೊಡ್ಡದು ಮಾಡಿ, ಕೆನ್ನೆಗೆ ಬಣ್ಣ ಹಚ್ಚಿ, ಸ್ಟುಡಿಯೊಗಳ ವಾಡಿಕೆಯಂತೆ ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಯಾರನ್ನೂ ಕೇಳಲಿಲ್ಲ.

ಬಸ್ಸಿಳಿದ ಹುಡುಗರು ಗಾಜಿಗೆ ಮೂಗೊತ್ತಿ ನಿಲ್ಲತೊಡಗಿದರು. "ಹಾಲಿವುಡ್ಡು ಬಣಕಲ್ಲಲ್ಲೇ ಇದ್ಯಲ್ಲ ಮಾರಾಯ!"

ಮಜೀದ್ ಕೆಂಡವಾಗಿ ಬಂದರು. "ನನ್ನ ಮಗಳು ಪೌಡರ್ ಡಬ್ಬಿ ಏನ್ರೀ, ಗಾಜೊಳಗೆ ಇಡೋಕೆ?"

"ಹಬ್ಬ ಕಳೀಲಿ ಭಾಯ್, ತೆಗೀತೀನಿ. ಎಲ್ರೂ ಅದೇ ಥರ ಫೋಟೊ ತೆಗಿರಿ ಅಂತ ಬರ್ತಿದ್ದಾರೆ."

ಹಬ್ಬಕ್ಕೆ ಮೊದಲೇ ಗಂಡಿನ ತಂದೆ ಬಣಕಲ್ಲಿಗೆ ಹೊರಟರು. ಮೂಡಿಗೆರೆಯಲ್ಲಿ ಬಸ್ಸು ಬದಲಿಸುವಾಗ ಗುಂಪು ಕಂಡಿತು, ಸೀಟಿ ಕೇಳಿತು, ಗಾಜಿನೊಳಗೆ ಸೊಸೆಯಾಗಬೇಕಾದವಳ ಮುಖ ಕಂಡಿತು. ಬಂದ ಬಸ್ಸಿನಲ್ಲೇ ಅವರು ಹಿಂದಿರುಗಿದರು.

ವಿಷಯ ತಿಳಿದ ತಯ್ಯಬ್ ಅಂದೇ ಫೋಟೊವನ್ನು ಪೆಟ್ಟಿಗೆಯಿಂದ ಹೊರತೆಗೆದರು. ಆದರೆ ಹೆಸರು ಗಾಜಿನೊಳಗೆ ಉಳಿಯಲಿಲ್ಲ, ಊರೂರಿಗೆ ಹಬ್ಬಿತು. ಮುಂದೆ ಹೆಣ್ಣು ನೋಡಲು ಬಂದವರೆಲ್ಲ "ಆ ಪೆಟ್ಟಿಗೆ ಹುಡುಗೀನಾ?" ಎಂದು ಕೇಳಿ ಎದ್ದುಹೋದರು. ಸಾಬೀರಾ ಪೇಟೆಗೆ ಬರುವುದನ್ನೇ ಬಿಟ್ಟಳು. ಮನೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತ ಕುಳಿತಳು. ತಯ್ಯಬ್ ನಮಾಜಿಗೆ ನಿಂತರೂ ಆ ಸೀಟಿ ಕಿವಿಯಲ್ಲಿ ಕೇಳುತ್ತಿತ್ತು.

ಎಂಬತ್ತಾರರ ಒಂದು ಬೆಳಿಗ್ಗೆ ಅವಳೇ ಸ್ಟುಡಿಯೊಗೆ ಬಂದಳು. ಹೊಲಿಗೆ ಕಲಿಸುವ ಕೆಲಸಕ್ಕೆ ಫೋಟೊ ಬೇಕಿತ್ತು.

"ದೀಪ ಮೇಲಿಂದ ಬೇಡ ಮಾಮು. ಎಲ್ಲರ ಥರ ತೆಗಿರಿ."

ತೆಗೆದರು. ಆಮೇಲೆ ಅವಳು ಹಳೆಯ ನೆಗೆಟಿವ್ ಕೇಳಿದಳು. ಹತ್ತಿಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ತಯ್ಯಬ್ ತಂದು ಕೊಟ್ಟರು. ಅವಳು ಬೆಳಕಿಗೆ ಹಿಡಿದಳು. ಅದರಲ್ಲಿ ಮುಖ ಕಪ್ಪು, ಕೂದಲು ಬಿಳಿ.

"ನೋಡಿ, ಆಗ್ಲೇ ನರೆ ಬಂದಿತ್ತು ನಂಗೆ," ಎಂದು ನಕ್ಕಳು.

"ಮಾಫ್ ಮಾಡು ಮಗಳೇ."

"ಅಲ್ಲಾಹ್ ಮಾಡ್ಲಿ. ನಾನಿನ್ನೂ ಮಾಫ್ ಮಾಡೋದು ಕಲೀತಾ ಇದೀನಿ."

ನೆಗೆಟಿವ್ ತೆಗೆದುಕೊಂಡು ಅವಳು ಬಸ್ಸು ಹತ್ತಿದ ಮೇಲೆ ತಯ್ಯಬ್ ಒಳಗೆ ಹೋಗಿ ಗೋಡೆಯ ನಟಿಯನ್ನು ಮೆಲ್ಲಗೆ ಬಿಡಿಸಿದರು. ಆ ಫೋಟೊವನ್ನೂ ಹಿಂದಿರುಗಿಸೋಣವೆಂದರೆ, ಆ ಹೆಣ್ಣುಮಗಳಿಗೆ ಯಾರೂ ಇರಲಿಲ್ಲ.