ಜಲಜಕ್ಕನ ಎಡಗಾಲು

ಜಲಜಕ್ಕನ ಎರಡು ಕಾಲುಗಳೂ ಒಬ್ಬರದ್ದೇ ಎಂದು ನಂಬುವುದು ಕಷ್ಟವಿತ್ತು. ಬಲಗಾಲು ಕೊಕ್ಕರೆಯದ್ದು. ಎಡಗಾಲು ಸಂಜೆಯಾಗುವಾಗ ತುಂಬಿದ ಕೊಡಪಾನ. ಪಾದದ ಗಂಟಿನ ಸುತ್ತ ಸುಟ್ಟ ಬದನೆಯ ಬಣ್ಣ. ಅದೇ ಕಾಲಿನಲ್ಲಿ ದಿನವಿಡೀ ನಿಂತು ಕಟಪಾಡಿ ಪೇಟೆಯಲ್ಲಿ ಬಂಗುಡೆ ಮೀನು ಮಾರುತ್ತಿದ್ದರು. ಕೂತುಕೊಳ್ಳಿ ಎಂದರೆ, "ಕೂತವಳ ಹತ್ರ ಚೌಕಾಸಿ ಮಾಡ್ತಾರೆ ಮಾರಾಯ, ನಿಂತವಳಿಗೆ ಹೆದರ್ತಾರೆ" ಎನ್ನುತ್ತಿದ್ದರು.

ಹಿಂದೊಮ್ಮೆ ಆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮದ್ದಿನಿಂದ ಜೀವ ಉಳಿಯಿತು. ನಾಳ ಮಾತ್ರ ಹಾಳಾಗಿ, ರಕ್ತ ಸರಿಯಾಗಿ ಮೇಲೇರದೆ ಊತ, ಭಾರ, ತುರಿಕೆ ಕಾಯಂ ಆದವು.

ನಾನು ಊರಿನವರನ್ನೆಲ್ಲ ಅನುಕರಿಸಿ ಬೈಸಿಕೊಳ್ಳುವವನು. ಬೇರೆ ಪ್ರತಿಭೆ ಇಲ್ಲ. ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ತಲೆಗೆ ಬುಟ್ಟಿ ಇಟ್ಟು, ಕುಂಟಿ, ಜಲಜಕ್ಕನಾದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮರುದಿನ ಮೀನಿಗೆ ಹೋದಾಗ ಅವರು ತಲೆ ಎತ್ತದೆ ಹೇಳಿದರು: "ಸ್ವರ ಒಳ್ಳೆದಿತ್ತು. ಕುಂಟಿದ್ದು ಮಾತ್ರ ಬಲಗಾಲು. ನನ್ನದು ಎಡದ್ದು. ನೋಡಿ ಕಲಿ."

ಎರಡು ಪೆಟ್ಟು ಕೊಟ್ಟಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಂದಿನಿಂದ ಅವರನ್ನು ಮಣಿಪಾಲದ ಡಾಕ್ಟರಲ್ಲಿಗೆ ಒಯ್ಯುವ ಸ್ಕೂಟರು ನನ್ನದಾಯಿತು.

ಊತ ಇಳಿಯಲೆಂದು ತಾವೇ ಬರೆದುಕೊಟ್ಟಿದ್ದ ಬಿಗಿ ಸಾಕ್ಸನ್ನು ಡಾಕ್ಟರು ಎಳೆದು ನೋಡಿದರು. "ಆರು ತಿಂಗಳಾದರೂ ಹೊಸತರ ಹಾಗೆ ಉಂಟಲ್ಲ. ದಿನಾ ಹಾಕ್ತೀರಾ?"

"ಇಲ್ಲಿಗೆ ಬರುವಾಗ ಹಾಕ್ತೇನೆ. ಇಷ್ಟು ಒಳ್ಳೆಯ ವಸ್ತುವಿಗೆ ಮೀನಿನ ನೀರು ತಾಗಿಸ್ಲಿಕ್ಕುಂಟಾ?"

ನಾನು ನಕ್ಕೆ. ಡಾಕ್ಟರು ನಗಲಿಲ್ಲ. "ದಿನಾ ಹಾಕದೆ ಹುಣ್ಣಾದರೆ ಮತ್ತೆ ಬೇಗ ಮಾಯುವುದಿಲ್ಲ, ಅಮ್ಮ."

ಮಳೆಗಾಲ ಮುಗಿಯುವಾಗ ಹುಣ್ಣಾಯಿತು. ಜಲಜಕ್ಕ ಕಾರ್ಕಳದ ಮಗಳ ಮನೆಗೆ ಹೋದರು. ತಿಂಗಳುಗಟ್ಟಲೆ ಬ್ಯಾಂಡೇಜು, ಕಾಲ ಕೆಳಗೆ ಎರಡು ದಿಂಬು. ಫೋನಿನಲ್ಲಿ ಅವರದ್ದು ಒಂದೇ ಪ್ರಶ್ನೆ: "ನನಗೆ ಇನ್ನು ಮೀನು ಮಾರ್ಲಿಕ್ಕೆ ಆಗ್ತದಾ?" ನಾನು ಡಾಕ್ಟರ ಸ್ವರ ಮಾಡಿ, "ಮೊದಲು ಕಾಲು ಮೇಲಿಡಿ, ಅಮ್ಮ" ಎನ್ನುತ್ತಿದ್ದೆ.

ಕಟಪಾಡಿಯ ಅವರ ಮೂಲೆಯಲ್ಲಿ ಈಗ ಎಳನೀರಿನವ ನಿಂತಿದ್ದಾನೆ. ಮೊನ್ನೆ ಕಾರ್ಕಳಕ್ಕೆ ಹೋದೆ. ಹುಣ್ಣು ಮಾಯ್ದಿತ್ತು. ಮಗಳ ಮನೆಯೆದುರು ಜಲಜಕ್ಕ ಕುರ್ಚಿಯಲ್ಲಿ ಕೂತು, ಎಡಗಾಲನ್ನು ಐಸ್ ಪೆಟ್ಟಿಗೆಯ ಮೇಲೇರಿಸಿ ಬಂಗುಡೆ ಮಾರುತ್ತಿದ್ದರು. ಒಬ್ಬಾಕೆ ಚೌಕಾಸಿಗೆ ಬಾಯಿ ತೆರೆದಳು. ಇವರು ಸುಮ್ಮನೆ ನೋಡಿದರು. ಆ ಬಾಯಿ ಮುಚ್ಚಿತು.

"ಎಲ್ಲಿ, ನನ್ನನ್ನು ಮಾಡಿ ತೋರಿಸು" ಎಂದರು. ನಾನು ಜಾಗ್ರತೆಯಿಂದ ಎಡಗಾಲು ಕುಂಟಿದೆ.

"ಪುನಃ ತಪ್ಪು" ಎಂದು ಎದ್ದ ಜಲಜಕ್ಕ ಗೇಟಿನವರೆಗೆ ನಿಧಾನವಾಗಿ, ನೆಟ್ಟಗೆ ನಡೆದು ತಿರುಗಿದರು. ಎಡಗಾಲಿನಲ್ಲಿ ಈಗ ನೂಲು ಎದ್ದು ಹಳತಾದ ಅದೇ ಬಿಗಿ ಸಾಕ್ಸಿನ ಮೇಲೆ ನಾಲ್ಕೈದು ಮೀನಿನ ಹುರುಪೆಗಳು ಮಿನುಗುತ್ತಿದ್ದವು.