ಅಕ್ಕನ ಟೀವಿಗೆ ಒಗ್ಗಿದ ಪೆನ್‌ಡ್ರೈವ್

ನನ್ನ ಅಕ್ಕನ ಒಬ್ಬಳೇ ಮಗಳು ಮದುವೆಯಾಗಿ ವರ್ಷ ತುಂಬುವುದರೊಳಗೆ ಕಾಮಾಲೆಯಿಂದ ತೀರಿಕೊಂಡಳು. ಮಾಗಡಿ ಕಡೆಗೆ ಕೊಟ್ಟಿದ್ದೆವು. ಗಂಡನ ಮನೆಯವರು ನಾಟಿ ಔಷಧಿ ಕೊಡಿಸಿದರು, ಆಸ್ಪತ್ರೆಗೂ ಸೇರಿಸಿದರು, ಮಾಡಬೇಕಾದ್ದನ್ನೆಲ್ಲ ಮಾಡಿದರು. ಯಾರ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ, ಅದೇ ದೊಡ್ಡ ಸಂಕಟ. ಬೈಯುವುದಕ್ಕೆ ಒಬ್ಬರಾದರೂ ಸಿಕ್ಕಿದ್ದರೆ ಅಕ್ಕ ಸ್ವಲ್ಪ ಹಗುರಾಗುತ್ತಿದ್ದಳೇನೋ.

ತಿಥಿ ಮುಗಿದ ಮೇಲೆ ಅವಳು ನನ್ನನ್ನು ಕೇಳಿದ್ದು ಒಂದೇ ಒಂದು. ಮಗಳು ಓಡಾಡುವುದನ್ನು, ಮಾತಾಡುವುದನ್ನು ಟೀವಿಯಲ್ಲಿ ನೋಡಬೇಕು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಅದನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. “ಅದ್ರಾಗೆ ಅವ್ಳು ಅವ್ಳಂಗೇ ಇಲ್ಲ ಕಣಪ್ಪ, ಉಸುರು ಬಿಗಿಹಿಡ್ಕಂಡು ನಿಂತವ್ಳೆ” ಎನ್ನುತ್ತಿದ್ದಳು. ಹುಡುಗಿಯ ಫೋನು ಅವಳ ಗಂಡನ ಹತ್ತಿರವೇ ಉಳಿದಿತ್ತು, ಹೆಂಡತಿಯನ್ನು ಕಳೆದುಕೊಂಡವನ ಮುಂದೆ ಹೋಗಿ ಅದನ್ನು ಕೇಳುವ ಮುಖ ನಮಗಿರಲಿಲ್ಲ. ಉಳಿದದ್ದು ಮದುವೆಯ ವಿಡಿಯೋ. ಆಲ್ಬಮ್ಮಿನ ಪೆಟ್ಟಿಗೆಯಲ್ಲಿ ವಿಡಿಯೋದವನು ಇಟ್ಟುಕೊಟ್ಟಿದ್ದ ಪೆನ್‌ಡ್ರೈವ್ ಹಾಗೇ ಇತ್ತು. ಅದನ್ನು ಕೂಟಗಲ್ ಹತ್ತಿರದ ಅಕ್ಕನ ಮನೆಯ ಹಳೇ ಟೀವಿಗೆ ಚುಚ್ಚಿದರೆ, ಇದು ನನ್ನಿಂದಾಗದು ಎಂದು ಟೀವಿ ಕೈಚೆಲ್ಲಿತು. ಅಕ್ಕನ ಮುಖ ಸತ್ತೇ ಹೋಯಿತು. ಮಗಳು ಅದರಲ್ಲೂ ಇಲ್ಲ ಎಂದುಕೊಂಡಳು.

ನಾನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸದವನು. ರಾಮನಗರದಿಂದ ದಿನವೂ ರೈಲಿನಲ್ಲಿ ಹೋಗಿಬರುತ್ತೇನೆ. ಅಲ್ಲಿನ ಹಳೆಯ ಮೆಷಿನ್‌ಗಳಿಗೆ ಪೆನ್‌ಡ್ರೈವಿನಲ್ಲೇ ಪ್ರೋಗ್ರಾಮ್ ತುಂಬಬೇಕು, ಹಾಗಾಗಿ ಈ ರೋಗ ನನಗೆ ಗೊತ್ತು. ಪೆನ್‌ಡ್ರೈವ್ ಎಲ್ಲ ಒಂದೇ ಥರ ಕಂಡರೂ ಒಳಗೆ ಫೈಲುಗಳನ್ನು ಜೋಡಿಸಿಡುವ ಪದ್ಧತಿ ಬೇರೆ ಬೇರೆ. ಅದನ್ನು ಫೈಲ್ ಸಿಸ್ಟಮ್ ಅನ್ನುತ್ತಾರೆ. ನಮ್ಮ ಕಡೆ ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರು ಉಣ್ಣುವುದಿಲ್ಲ ಎಂಬ ಲೆಕ್ಕ ಇತ್ತಲ್ಲ, ಹಾಗೆ. ಫ್ಯಾಟ್ ಥರ್ಟಿಟು ಅನ್ನುವುದು ಹಳೇ ಮುದುಕ. ಟೀವಿ, ಕಾರಿನ ಸ್ಟೀರಿಯೋ, ಟ್ರ್ಯಾಕ್ಟರಿನ ಹಾಡಿನ ಡಬ್ಬ, ಎಲ್ಲರ ಮನೆಯಲ್ಲೂ ಉಣ್ಣುತ್ತಾನೆ. ಆದರೆ ಒಂದು ಫೈಲು ನಾಲ್ಕು ಜಿಬಿ ದಾಟಿತೋ, ಅದು ಅವನ ಗಂಟಲಲ್ಲಿ ಇಳಿಯುವುದಿಲ್ಲ. ಅವನ ತಮ್ಮ ಎಕ್ಸ್‌ಫ್ಯಾಟ್ ಎಷ್ಟು ದೊಡ್ಡದನ್ನಾದರೂ ನುಂಗುತ್ತಾನೆ, ಹಳೇ ಟೀವಿಗಳು ಮಾತ್ರ ಅವನನ್ನು ಹೊಸ್ತಿಲು ದಾಟಿಸುವುದಿಲ್ಲ.

ಮದುವೆಯ ವಿಡಿಯೋ ಒಂದೇ ಉದ್ದನೆಯ ಫೈಲು, ಎಕ್ಸ್‌ಫ್ಯಾಟಿನಲ್ಲಿತ್ತು. ನಾನು ಬೇರೆ ಪೆನ್‌ಡ್ರೈವನ್ನು ಫ್ಯಾಟ್ ಥರ್ಟಿಟುಗೆ ಫಾರ್ಮ್ಯಾಟ್ ಮಾಡಿ, ವಿಡಿಯೋವನ್ನು ಎರಡು ತುಂಡು ಮಾಡಿ ಹಾಕಿದೆ. ಎಲ್ಲಿ ಕತ್ತರಿಸಬೇಕೆಂದು ನಾನು ಆರಿಸಲಿಲ್ಲ. ನಾಲ್ಕು ಜಿಬಿ ಎಲ್ಲಿ ತುಂಬಿತೋ ಅಲ್ಲಿ ಸಾಫ್ಟ್‌ವೇರ್ ಕತ್ತರಿಸಿತು. ಚಪ್ಪರ, ಅರಿಶಿನ, ಬಳೆ ತೊಡಿಸುವುದು, ಧಾರೆ ಎಲ್ಲ ಮೊದಲ ತುಂಡಿಗೆ ಬಂತು. ಕೊನೆಗೆ ಹೆಣ್ಣುಗಂಡು ಜೊತೆಯಲ್ಲಿ ಕೂತು ಉಣ್ಣುವ ಭೂಮದ ಊಟ. ಅಲ್ಲಿ ಯಾರೋ ಪಾಯಸ ಬಡಿಸಲು ಬರುತ್ತಾರೆ, ಹುಡುಗಿ ಎಲೆಗೆ ಕೈ ಅಡ್ಡ ಹಿಡಿದು ಬಾಯಿ ತೆರೆಯುತ್ತಾಳೆ, ಅಷ್ಟಕ್ಕೆ ನಿಂತುಹೋಗುತ್ತದೆ. ಟೀವಿ ಮತ್ತೆ ಫೈಲುಗಳ ಪಟ್ಟಿಗೆ ಮರಳುತ್ತದೆ.

ನನಗೆ ಅದು ಸರಿಬರಲಿಲ್ಲ. ಎಲೆ ಮುಂದೆ ಕೂತವರನ್ನು ಎಬ್ಬಿಸಬಾರದು ಅನ್ನುತ್ತಾರೆ, ನಾನು ಹೆಚ್ಚುಕಮ್ಮಿ ಅದನ್ನೇ ಮಾಡಿದ್ದೆ. ಕೆಲಸ ಅರೆಬರೆ ಆದರೆ ನನಗೆ ಊಟ ಸೇರುವುದಿಲ್ಲ. ಎರಡನೆಯದನ್ನು ಹಾಕುವುದು ಹೀಗೆ ಎಂದು ರಿಮೋಟ್ ಹಿಡಿದು ತೋರಿಸಲು ಹೋದೆ.

“ಅದು ಬ್ಯಾಡ ಬುಡು. ಇಲ್ಲೀಗಂಟ ಸಾಕು. ಊಟ ಮಾಡ್ತಾವ್ಳಲ್ಲ” ಎಂದಳು ಅಕ್ಕ.

ಆಮೇಲೆ ಅದೇ ಅವಳ ದಿನಚರಿಯಾಯಿತು. ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ನಡುಮನೆಯಲ್ಲಿ ಕೂತು ಮರಿಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಟೀವಿ ಹಾಕಿಕೊಳ್ಳುತ್ತಿದ್ದಳು. ಮಗಳು ಅರಿಶಿನ ಮೆತ್ತಿಕೊಂಡು ನಗುತ್ತಿದ್ದಳು, ಬಳೆಗಾರನ ಹತ್ತಿರ ಜಗಳ ಆಡುತ್ತಿದ್ದಳು, ಊಟಕ್ಕೆ ಕೂರುತ್ತಿದ್ದಳು. ಅಲ್ಲಿಗೆ ನಿಂತರೆ ಅಕ್ಕ ಎದ್ದು ಹುಳದ ಮನೆಗೆ ಹೋಗುತ್ತಿದ್ದಳು. ಭಾವ ಮಾತ್ರ ಅದು ಶುರುವಾದ ಕೂಡಲೇ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೊರಟುಬಿಡುತ್ತಿದ್ದರು. ಅವರು ಒಂದು ಸಲವೂ ನೋಡಲಿಲ್ಲ. ಅಕ್ಕನೂ ಬನ್ನಿ ಎಂದು ಕರೆಯಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ಬೇರೆ ಬೇರೆಯಾಗಿ ಅಳುತ್ತಿದ್ದರು.

ಈ ವರ್ಷ ಹಳೇ ಟೀವಿ ಕೆಟ್ಟು, ಪರದೆಯ ತುಂಬ ಗೆರೆ ಬಂತು. ರಿಪೇರಿಯವನು ಪಾರ್ಟು ಸಿಗುವುದಿಲ್ಲ ಎಂದ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಹೇಗೂ ಕೊಡಬೇಕಲ್ಲ, ಅದರ ಜೊತೆಗೆ ಹೊಸ ಟೀವಿಯನ್ನೂ ತಂದೆ. ಅದು ಎಕ್ಸ್‌ಫ್ಯಾಟ್ ಓದುತ್ತದೆ ಎಂದು ಅಂಗಡಿಯಲ್ಲೇ ಪೆನ್‌ಡ್ರೈವ್ ಚುಚ್ಚಿ ಖಾತ್ರಿ ಮಾಡಿಕೊಂಡಿದ್ದೆ. ಅಂಗಡಿಯವನು ಪರದೆಯ ಅಗಲ ಹೊಗಳುತ್ತಿದ್ದ, ನನಗೆ ಬೇಕಾಗಿದ್ದದ್ದು ಅದು ಎಕ್ಸ್‌ಫ್ಯಾಟ್ ಓದುವುದಷ್ಟೇ. ಅಕ್ಕನ ಪೆನ್‌ಡ್ರೈವಿನಲ್ಲಿದ್ದ ತುಂಡುಗಳನ್ನು ಅಳಿಸಿ, ಅದನ್ನು ಎಕ್ಸ್‌ಫ್ಯಾಟಿಗೆ ಬದಲಾಯಿಸಿ, ನನ್ನ ಹಾರ್ಡ್‌ಡಿಸ್ಕಿನಲ್ಲಿದ್ದ ಮೂಲ ವಿಡಿಯೋವನ್ನು ಒಂದಿಷ್ಟೂ ಕತ್ತರಿಸದೆ ಇಡಿಯಾಗಿ ಹಾಕಿಕೊಟ್ಟೆ. “ಇನ್ಮೇಲೆ ಎಲ್ಲೂ ನಿಲ್ಲಾಕಿಲ್ಲ ಕಣಕ್ಕ” ಎಂದು ಬೀಗುತ್ತ ಹೇಳಿ, ಊಟ ಮಾಡಿಕೊಂಡು ಬಸ್ಸು ಹತ್ತಿದೆ.

ಮುಂದಿನ ಸಲ ಹೋದಾಗ ಟೀವಿಯ ಮೇಲೆ ಹಳೇ ಸೀರೆಯ ತುಂಡು ಹೊದಿಸಿತ್ತು. ಧೂಳಿಗಿರಬೇಕು ಎಂದುಕೊಂಡೆ. ಅದರ ಮುಂದಿನ ಸಲವೂ ಹೊದಿಕೆ ಹಾಗೇ ಇತ್ತು. ಅಕ್ಕ ಸೊಪ್ಪು ಹೆಚ್ಚುವ ಮಣೆಯನ್ನು ಹಿಂದಿನ ಜಗುಲಿಗೆ ಎತ್ತಿಕೊಂಡು ಹೋಗಿದ್ದಳು. ಮೈಯಲ್ಲಿ ಇಳಿದುಹೋಗಿದ್ದಳು. ಅನ್ನ ಕಲಸಿ ಎರಡು ತುತ್ತಿಗೆ ಕೈತೊಳೆಯುತ್ತಾಳೆ ಎಂದು ಭಾವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. “ನೀನ್ ಮಾಡ್ಕೊಟ್ಟುದ್ದು ಆಡ್ತಿಲ್ವೇನೋ, ಒಸಿ ನೋಡು” ಎಂದರು. ಮಗಳ ವಿಡಿಯೋದ ಬಗ್ಗೆ ಅವರು ಬಾಯಿಬಿಟ್ಟದ್ದು ಅದೇ ಮೊದಲು.

ಪೆನ್‌ಡ್ರೈವೇ ಕೆಟ್ಟಿರಬೇಕು ಎಂದು ನಾನು ತೀರ್ಮಾನಿಸಿದೆ. ಹಳ್ಳಿಯಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬ ನೆಚ್ಚಿಕೆ ಇಲ್ಲ, ಮಧ್ಯದಲ್ಲಿ ಹೋದರೆ ಎಕ್ಸ್‌ಫ್ಯಾಟ್ ಒಮ್ಮೊಮ್ಮೆ ದಿಕ್ಕು ತಪ್ಪುವುದುಂಟು. ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಜಗುಲಿಯಲ್ಲಿ ಅಕ್ಕನ ಪಕ್ಕದಲ್ಲೇ ಕೂತು ಪರೀಕ್ಷೆ ಮಾಡಿದೆ. ಒಂದು ತಪ್ಪೂ ಸಿಗಲಿಲ್ಲ. ಆದರೂ ಬಿಡಲಿಲ್ಲ. ಎನ್‌ಟಿಎಫ್‌ಎಸ್ ಅಂತ ಇನ್ನೊಂದಿದೆ, ಅದಕ್ಕೆ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಅಭ್ಯಾಸ, ಕರೆಂಟು ಹೋದರೂ ಎಲ್ಲಿ ನಿಂತಿದ್ದೆ ಎಂದು ಮರೆಯುವುದಿಲ್ಲ, ಅದಕ್ಕೇ ಬದಲಾಯಿಸುತ್ತೇನೆ ಎಂದು ಅವಳಿಗೆ ಪಾಠ ಹೇಳುತ್ತ ಕೂತೆ.

ಅಕ್ಕ ಕತ್ತಿ ಕೆಳಗಿಟ್ಟಳು. “ಅದು ಚೆನ್ನಾಗೈತೆ ಕಣಪ್ಪ. ಏನೂ ಆಗಿಲ್ಲ ಅದುಕ್ಕೆ. ಹಳೇದ್ರಂಗೆ ಮಾಡ್ಕೊಟ್ಬುಡು. ಊಟುಕ್ಕೆ ಕುಂತಿರೋಗಂಟ.”

ನನಗೆ ಸಿಟ್ಟು ಬಂತು. ಅಷ್ಟು ಒದ್ದಾಡಿ ಇಡಿಯಾಗಿ ಕೊಟ್ಟದ್ದನ್ನು ಮತ್ತೆ ಕತ್ತರಿಸು ಅನ್ನುತ್ತಾಳಲ್ಲ ಎಂದು, “ಬ್ಯಾಡ್ದಿದ್ರೆ ರಿಮೋಟ್ ಒತ್ತಿ ನಿಲ್ಸಾದಪ್ಪ, ಅದುಕ್ಯಾಕೆ ಇಷ್ಟೆಲ್ಲ” ಎಂದೆ.

“ಕೈ ತುಂಬ ಸೊಪ್ಪಿತ್ತು. ನಾನು ಎದ್ದು ಬರೋ ಹೊತ್ಗೆ ಬಂದ್ಬುಡ್ತು.”

“ಏನು ಬಂತು?”

“ಹೆಣ್ಣೊಪ್ಸೋದು” ಎಂದಳು. ಮಣೆಯ ಮೇಲಿನ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. “ಎಲ್ರೂ ಅಳ್ತಾವ್ರೆ. ನೀನೂ ಅಳ್ತಿದ್ದೀಯ. ನಾನೊಬ್ಳೇ ನಗ್ತಾ ಇವ್ನಿ.”

ನನಗೆ ನೆನಪಾಯಿತು. ಮಗಳನ್ನು ಗಂಡಿನ ಮನೆಯವರ ಕೈಗೆ ಒಪ್ಪಿಸುವಾಗ ಕಲ್ಲೆದೆಯವರೂ ಅಳುತ್ತಾರೆ. ಅಕ್ಕ ಅತ್ತಿರಲಿಲ್ಲ. ಒಳ್ಳೆಯ ಜನ, ಒಳ್ಳೆಯ ಹುಡುಗ, ಎಷ್ಟೋ ಕಡೆ ತಿರುಗಿ ಕೊನೆಗೆ ಕೂಡಿಬಂದ ಸಂಬಂಧ. ಬೀಗಿತ್ತಿಯ ಕೈಯಲ್ಲಿ ಮಗಳ ಕೈ ಇಟ್ಟು, “ಇನ್ನು ನಿಮ್ ಮಗ್ಳು” ಎಂದು ಹಲ್ಲು ಕಾಣುವ ಹಾಗೆ ನಕ್ಕಿದ್ದಳು. ಎಂಥಾ ಗಟ್ಟಿ ತಾಯಿ ಎಂದು ನೆಂಟರೆಲ್ಲ ಹೊಗಳಿದ್ದರು.

“ಸಂತೋಸುಕ್ಕೆ ನಕ್ಕುದ್ದೆ ತಾನೇ ಅಕ್ಕ, ಅದ್ರಾಗೆ ತಪ್ಪೇನೈತೆ” ಎಂದೆ. ಮಾತು ನನಗೇ ಬೆಪ್ಪಾಗಿ ಕೇಳಿಸಿತು.

ನಾನು ಪೆನ್‌ಡ್ರೈವನ್ನು ಮತ್ತೆ ಫ್ಯಾಟ್ ಥರ್ಟಿಟುಗೆ ಫಾರ್ಮ್ಯಾಟ್ ಮಾಡಿದೆ. ಹೊಸ ಟೀವಿಗೆ ಅದರ ಅಗತ್ಯವೇ ಇರಲಿಲ್ಲ, ಆದರೂ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಮೊದಲ ತುಂಡನ್ನಷ್ಟೇ ಕಾಪಿಗೆ ಹಾಕಿದೆ. ಪರದೆಯ ಮೇಲೆ ಹಸಿರು ಗೆರೆ ನಿಧಾನವಾಗಿ ತುಂಬುತ್ತಿತ್ತು. ಅಕ್ಕ ಅದನ್ನೇ ನೋಡುತ್ತ ಕೇಳಿದಳು:

“ನಾನು ಅಷ್ಟು ನೋಡಿ ಒಳಿಕ್ಕೆ ಎದ್ದೋದೆ. ನೀನು ಪೂರ್ತಿ ನೋಡಿದ್ದೀಯಲ್ಲ. ಅವ್ಳು ತಲೆ ಎತ್ತಿ ನನ್ ಮಕ ನೋಡುದ್ಲಾ?”

“ಇಲ್ಲ ಕಣಕ್ಕ. ಅಳ್ತಾ ತಲೆ ಬಗ್ಸ್ಕಂಡೇ ಇದ್ಲು” ಎಂದೆ.

ನೋಡಿದ್ದಳು. ಅಳು ನಿಲ್ಲಿಸಿ, ತಲೆ ಎತ್ತಿ, ಅಮ್ಮನ ನಗುವ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ತಗ್ಗಿಸಿದ್ದಳು.