ಕಾರಣ: ಗಣಿ ನಡಿಗೆ

ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯೊಂದನ್ನು ಜನರ ಸೊಂಟಕ್ಕೆ ಕಟ್ಟುವುದು, ಅಂಥವೇ ಇನ್ನೆರಡನ್ನು ಮಣಿಕಟ್ಟುಗಳಿಗೆ ಕಟ್ಟುವುದು, ಆಮೇಲೆ "ನಡೀರಿ" ಅನ್ನುವುದು. ಎರಡು ವರ್ಷ ನಾನು ಸಂಬಳ ತೆಗೆದುಕೊಂಡದ್ದು ಇಷ್ಟಕ್ಕೆ. ಬಂಗಾರಪೇಟೆಯ ಆಸ್ಪತ್ರೆಯೊಂದರ ಮಹಡಿಯಲ್ಲಿ ಉದ್ದನೆಯ ಕಾರಿಡಾರ್ ಇತ್ತು. ವಯಸ್ಸಾದವರು ಅದರ ಈ ಕೊನೆಯಿಂದ ಆ ಕೊನೆಗೆ ಹೋಗಿ ತಿರುಗಿ ಬರುವಾಗ ಡಬ್ಬಿ ಅವರ ಮೈಯ ಅಲುಗಾಟವನ್ನೆಲ್ಲ ಬರೆದುಕೊಳ್ಳುತ್ತಿತ್ತು. ಕಂಪ್ಯೂಟರಿನಲ್ಲಿ ಅದು ಏರಿಳಿಯುವ ಗೆರೆಯಾಗಿ ಕಾಣುತ್ತಿತ್ತು. ಆ ಗೆರೆಯನ್ನು ಗಣಿತದಿಂದ ಬಿಡಿಸಿದರೆ ಹೆಜ್ಜೆ ಎಷ್ಟು ಉದ್ದ, ಎಡ ಬಲ ಸಮವಾಗಿವೆಯೇ, ಕೈ ಎಷ್ಟು ಬೀಸುತ್ತದೆ, ತಿರುಗಲು ಎಷ್ಟು ಹೊತ್ತು ಬೇಕು, ಎಲ್ಲ ಸಿಗುತ್ತದೆ. ಪಾರ್ಕಿನ್ಸನ್ ಕಾಯಿಲೆ ಎಷ್ಟೋ ಜನರಲ್ಲಿ ಕೈ ನಡುಗುವ ಮೊದಲೇ ನಡಿಗೆಯಲ್ಲಿ ಇಣುಕುತ್ತದಂತೆ. ಅದನ್ನು ಆಗಲೇ ಹಿಡಿಯಬಹುದೇ ಎಂದು ನೋಡುವುದು ನಮ್ಮ ಕೆಲಸ. ನಮ್ಮ ಅಂದೆ, ಆದರೆ ಗಣಿತವೆಲ್ಲ ಬೆಂಗಳೂರಿನಿಂದ ಬರುತ್ತಿದ್ದ ಮೇಡಂ ಅವರದು. ನಾನು ಡಬ್ಬಿಯ ಪಟ್ಟಿ ಕಟ್ಟುವವಳು.

ಕಾಯಿಲೆಯವರು ಸಿಕ್ಕರು. ಕಾಯಿಲೆಯಿಲ್ಲದ ಹಿರಿಯರು ಸಿಗಲಿಲ್ಲ. ಚೆನ್ನಾಗಿರುವವರು ಯಾಕೆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರೆ? ಆದರೆ ಸಹಜ ನಡಿಗೆ ಹೇಗಿರುತ್ತದೆಂದು ಯಂತ್ರ ಕಲಿಯಬೇಕಾದ್ದು ಅವರಿಂದಲೇ. ನಾನು ಚಿನ್ನದ ಗಣಿಯ ಕೆಲಸಗಾರರಿಗೆಂದು ಕಟ್ಟಿದ ನಂದಿದುರ್ಗದ ಲೈನಿನ ಸಾಲುಮನೆಯಲ್ಲಿ ಹುಟ್ಟಿ ಬೆಳೆದವಳು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅಲ್ಲಿ ಕೆಳಗಿಳಿದು ದುಡಿದ ಗಂಡಸರು ಇನ್ನೂ ಇದ್ದಾರೆ. "ನಮ್ಮ ಲೈನಿನವರನ್ನ ಕರ್ಕೊಂಡು ಬರ್ತೀನಿ ಮೇಡಂ" ಎಂದೆ. ಜಂಬದಿಂದಲೇ ಎಂದೆ. ಮೊದಲು ಕರೆದುಕೊಂಡು ಬಂದದ್ದು ನಮ್ಮಪ್ಪನನ್ನು.

ಗಣಿ ನಡಿಗೆ ಅಂತ ನಮ್ಮಲ್ಲಿ ಒಂದು ಮಾತಿದೆ. ಭೂಮಿಯ ಒಳಗೆ, ಟೋಪಿಯ ದೀಪದ ಬೆಳಕಿನಲ್ಲಿ, ಪಾದ ಎತ್ತಿ ಎತ್ತಿ ಇಟ್ಟರೆ ಯಾವ ಗುಂಡಿಗೆ ಬೀಳುತ್ತೇವೋ ಗೊತ್ತಾಗುವುದಿಲ್ಲ. ನೆಲ ಸವರಿಕೊಂಡು, ತಲೆ ತಗ್ಗಿಸಿ, ಒಂದು ಕೈಯನ್ನು ಮೈಗೆ ಒತ್ತಿಕೊಂಡು ಹೋಗಬೇಕು. ಮೇಲೆ ಬಂದ ಮೇಲೂ ಆ ಅಭ್ಯಾಸ ಬಿಡುವುದಿಲ್ಲ ಎಂದು ಲೈನಿನ ನಂಬಿಕೆ. ಮುದುಕನೊಬ್ಬ ಕಾಲೆಳೆದುಕೊಂಡು ಹೋದರೆ ಡಾಕ್ಟರಿಗೆ ತೋರಿಸು ಎಂದು ಯಾರೂ ಹೇಳುವುದಿಲ್ಲ. "ಗಣಿ ನಡಿಗೆ" ಎಂದರೆ ಮಾತು ಮುಗಿಯಿತು. ಹೇಳುವಾಗ ಒಂಚೂರು ಹೆಮ್ಮೆಯೂ ಇರುತ್ತದೆ.

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಗಿನ ರೈಲಿಗೆ ಬಂದಿದ್ದ. ಪಟ್ಟಿ ಕಟ್ಟುವಾಗ, "ಏನಮ್ಮಣ್ಣಿ, ಈ ವಯಸ್ನಾಗೆ ನಂಗೆ ಉಡಿದಾರ ಕಟ್ತೀಯಾ?" ಎಂದು ನಗಿಸಿದ. ಹೋದ. ಆ ಕೊನೆಯಲ್ಲಿ ತಿರುಗುವಾಗ ಒಂದು ಗಳಿಗೆ ನಿಂತುಬಿಟ್ಟ. ಆಮೇಲೆ ಬಂದ.

"ಅಲ್ಲಿ ಕಾಲು ನೆಲಕ್ಕೆ ಅಂಟ್ಕಂಡಂಗಾಯ್ತು ಕಣಮ್ಮಣ್ಣಿ."

"ಈಗಿನ್ನೂ ಫಿನಾಯಿಲ್ ಆಕಿ ಒರೆಸವ್ರೆ ಕಣಪ್ಪಾ, ಅದ್ಕೇ" ಎಂದೆ. ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

ಲೈನಿನ ಉಳಿದವರ ಗೆರೆಗಳೂ ಸ್ವಲ್ಪ ತಗ್ಗಾಗಿಯೇ ಇದ್ದವು. ಅಪ್ಪನ ಗೆರೆ ಬೇರೆಯೇ ಇತ್ತು. ಎಡಗೈಯ ಬೀಸು ಇಲ್ಲವೇ ಇಲ್ಲ. ತಿರುವಿನಲ್ಲಿ ಗೆರೆ ಸಣ್ಣಗೆ ನಡುಗಿ ನಡುಗಿ ಆಮೇಲೆ ಮುಂದಕ್ಕೆ ಹೋಗಿತ್ತು. ಅವನ ಹೆಸರಿನ ಪಕ್ಕ ಕೆಂಪು ಗುರುತು ಬಿತ್ತು, ಸಹಜ ಗುಂಪಿಗೆ ಹೊಂದುವುದಿಲ್ಲ ಎಂದು. ಅಪ್ಪ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ.

"ಅದೇನು ಕೆಂಪುಗೆ?" ಎಂದ.

"ಏನಿಲ್ಲಪ್ಪಾ, ಅಳಿಸ್ತೀನಿ."

ಮೇಡಂ ಕೂಡ ನೋಡಿದರು. "ಇವರನ್ನ ಒಂದು ಸಲ ನರದ ಡಾಕ್ಟರಿಗೆ ತೋರಿಸೋಣವಾ?" ಎಂದು ಮೆಲ್ಲಗೆ ಕೇಳಿದರು. "ನಮ್ಮಪ್ಪನೇ ಮೇಡಂ. ಗಣಿಯವರೆಲ್ಲ ಹೀಗೇ ನಡೆಯೋದು, ನಿಮಗೆ ಗೊತ್ತಾಗಲ್ಲ" ಎಂದೆ. ಊರಿನವಳು, ಮನೆಯವಳು ಎಂದು ಅವರು ನನ್ನ ಮಾತನ್ನೇ ನಂಬಿದರು. ಕೆಂಪು ಗುರುತು ತೆಗೆಯಬೇಕಾದರೆ ಕಾರಣ ಬರೆಯಬೇಕಿತ್ತು. ಗಣಿ ನಡಿಗೆ ಎಂದು ಟೈಪ್ ಮಾಡಿದೆ. ಗುರುತು ಹೋಯಿತು. ಅಪ್ಪ ಆರೋಗ್ಯವಂತರ ಗುಂಪಿಗೆ ಸೇರಿದ.

ಹೀಗೇ ಒಂದೂವರೆ ವರ್ಷ ಕಳೆಯಿತು. ಬೇತಮಂಗಲದ ಕೆರೆಯಿಂದ ನಲ್ಲಿಗೆ ನೀರು ಬಿಟ್ಟ ಒಂದು ಬೆಳಿಗ್ಗೆ ಅಪ್ಪ ಬೀದಿ ನಲ್ಲಿಯಲ್ಲಿ ಬಿಂದಿಗೆ ತುಂಬಿಸಿಕೊಂಡು ಮನೆ ಕಡೆ ತಿರುಗಿದ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಬಿಂದಿಗೆಯ ಸಮೇತ ಕಲ್ಲುಚಪ್ಪಡಿಯ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ.

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿದರು, ಆಮೇಲೆ ಅಪ್ಪನ ಮುಖವನ್ನೇ ನೋಡುತ್ತ ನಿಂತರು. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ತಾಗಿಸಿ ಬಿಡಲು ಹೇಳಿದರು. ಎಡಗೈಗೆ ಅದು ಆಗಲಿಲ್ಲ. "ಇವರ ನಡಿಗೆ ಹೀಗಾಗಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

"ಮೊದಲಿಂದಲೂ ಹೀಗೇ ಸರ್. ಗಣಿಯಲ್ಲಿದ್ದಾಗಿನಿಂದ."

ಪಕ್ಕದಲ್ಲಿದ್ದ ಅಮ್ಮ ನನ್ನ ಕಡೆ ತಿರುಗಿದಳು. "ಎಲ್ಲಿ ಮೊದ್ಲಿಂದ? ಗಣಿ ಮುಚ್ಚಿದಾಗ ನಿಮ್ಮಪ್ಪ ನೆಟ್ಟಗೇ ಓಡಾಡ್ತಿದ್ರು. ನಿನ್ನ ಬೇತಮಂಗಲಕ್ಕೆ ಕರ್ಕಂಡೋಗ್ತಿರ್ಲಿಲ್ವಾ, ಮರ್ತೋಯ್ತಾ?"

ಮರೆತಿರಲಿಲ್ಲ. ಗಣಿ ಮುಚ್ಚಿದ ವರ್ಷ ನನಗೆ ಒಂಬತ್ತು. ಕೆಲಸವಿಲ್ಲದ ಅಪ್ಪ ನನ್ನನ್ನು ಅಜ್ಜಿ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಬಸ್ಸಿಳಿದು ಕೆರೆ ಏರಿಯ ಮೇಲೆ ಎರಡೂ ಕೈ ಬೀಸಿಕೊಂಡು ಅವನು ಮುಂದೆ, ಅಳುತ್ತ ಓಡುವ ನಾನು ಹಿಂದೆ. ಅವನ ಒಂದು ಹೆಜ್ಜೆಗೆ ನನ್ನವು ಮೂರು. "ಎಜ್ಜೆ ಆಕು ಅಮ್ಮಣ್ಣಿ, ಬಿಸ್ಲೇರ್ತದೆ" ಎಂದು ತಿರುಗಿ ನೋಡದೆ ಕೂಗುತ್ತಿದ್ದ. ಗಣಿಯಿಂದ ಬಂದ ನಡಿಗೆಯಾದರೆ ಗಣಿ ಮುಚ್ಚಿದಾಗ ಇರಬೇಕಿತ್ತು. ಇದನ್ನು ತಿಳಿಯಲು ಯಾವ ಡಬ್ಬಿಯೂ ಬೇಕಿರಲಿಲ್ಲ. ಅಪ್ಪ ಬಾಯಿಬಿಟ್ಟು ಹೇಳಿದ್ದ, ಯಂತ್ರ ಕೆಂಪು ತೋರಿಸಿತ್ತು, ಮೇಡಂ ಕೇಳಿದ್ದರು. ಮೂವರ ಬಾಯನ್ನೂ ನಾನೇ ಮುಚ್ಚಿಸಿದ್ದೆ.

"ಪಾರ್ಕಿನ್ಸನ್ ಗುಣವಾಗೋ ಕಾಯಿಲೆ ಅಲ್ಲಮ್ಮ," ಎಂದರು ಡಾಕ್ಟರು. "ಆದ್ರೆ ಮೊದಲೇ ಮಾತ್ರೆ ಶುರುವಾಗಿದ್ದಿದ್ರೆ ಕಾಲು ಇಷ್ಟು ಕಟ್ಟಿಕೊಳ್ತಿರಲಿಲ್ಲ. ಬೀಳದೇನೂ ಇರಬಹುದಾಗಿತ್ತು."

ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಪ್ಪನ ನಡಿಗೆಯನ್ನು ಆ ಗುಂಪಿನಿಂದ ತೆಗೆದು ಯಂತ್ರಕ್ಕೆ ಮತ್ತೆ ಮೊದಲಿನಿಂದ ಕಲಿಸಿದರು. ನಾನು ಕರೆತಂದಿದ್ದ ಒಬ್ಬೊಬ್ಬರ ಮನೆಗೂ ಹೋಗಿ ಅವರ ಹೆಂಗಸರನ್ನು ಒಂದೇ ಮಾತು ಕೇಳಿದೆ: ಗಣಿ ಮುಚ್ಚಿದಾಗ ಇವರು ಹೇಗೆ ನಡೆಯುತ್ತಿದ್ದರು? ಹೆಚ್ಚಿನವರು "ಇಂಗೇ" ಎಂದರು. ಕೋರಮಂಡಲ್ ಲೈನಿನ ಒಬ್ಬಾಕೆ ಮಾತ್ರ ಒಳಗೆ ಮಲಗಿದ್ದ ಗಂಡನನ್ನು ನೋಡಿ, ಸೆರಗು ಬಾಯಿಗೆ ಇಟ್ಟುಕೊಂಡಳು. ಡಾಕ್ಟರಿಗೆ ತೋರಿಸಿದಾಗ ಆ ಗಂಡನಿಗೂ ಅದೇ ಕಾಯಿಲೆ ಎಂದು ಗೊತ್ತಾಯಿತು.

ಅಪ್ಪನ ಮೂಳೆ ಕೂಡಿತು, ಅಪ್ಪ ಸರಿಯಾಗಿ ಏಳಲಿಲ್ಲ. ವಾಕರ್ ಹಿಡಿದು ಮಂಚದಿಂದ ಬಾಗಿಲವರೆಗೆ ಬರುತ್ತಾನೆ, ಅಷ್ಟೇ. ದನಿಯೂ ಇಳಿದುಹೋಗಿದೆ, ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ಯಬೇಕು. ಹೋದ ತಿಂಗಳು ಮೇಡಂ ಕೇಳಿದರೆಂದು ಡಬ್ಬಿಗಳನ್ನು ಮನೆಗೇ ತಂದು ಕಟ್ಟಿದೆ. ಉಡಿದಾರದ ಮಾತು ಈ ಸಲ ಬರಲಿಲ್ಲ. ಬಾಗಿಲವರೆಗೆ ಹೋಗಿ ಬಂದು ಮಂಚದ ಮೇಲೆ ಕೂತ. ಲ್ಯಾಪ್‌ಟಾಪಿನಲ್ಲಿ ಗೆರೆ ಬರುವುದನ್ನು ನೋಡುತ್ತಿದ್ದೆ. ಅವನ ತುಟಿ ಅಲುಗಿತು. ಬಗ್ಗಿದೆ.

"ಕೆಂಪು ಬಂತಾ?"

"ಬಂತಪ್ಪಾ."

"ಅಳಿಸ್ಬೇಡ ಅಮ್ಮಣ್ಣಿ," ಎಂದ. "ಇರ್ಲಿ."